ಕಿಲುಬು ತಿಕ್ಕುವ ಮುನ್ನ



ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ದೇವಾಲಯಗಳ ಕಲ್ಲಿನ ಕೆತ್ತನೆಯನ್ನು ನಾವು ಹಾಡಿ ಹೊಗಳುತ್ತೇವೆ. ಆದರೆ ಊರ ಗುಡಿಯ ಹಳೆಯ ಕಂಚಿನ ಗಂಟೆಯ ಗತಿ? ಹಬ್ಬ ಬಂತೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತೇವೆ. ದಿನಬಳಕೆಯ ಪಾತ್ರೆಗೆ ಅದು ಸರಿ. ನೂರಾರು ವರ್ಷದ ವಸ್ತುವಿಗಲ್ಲ.

ಏಕೆಂದರೆ ಎಲ್ಲ ಕಿಲುಬೂ ಒಂದೇ ಅಲ್ಲ. ಗಟ್ಟಿಯಾಗಿ, ಒತ್ತಾಗಿ ಕುಳಿತ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕ್ಲೋರೈಡ್ ಸೇರಿ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಲೋಹವನ್ನೇ ತಿನ್ನುತ್ತದೆ. ಹುಣಸೆಯ ಆಮ್ಲಕ್ಕೆ ಈ ಭೇದವಿಲ್ಲ. ತಿಕ್ಕಿದಷ್ಟೂ ಬರಹ, ಚಿತ್ತಾರಗಳೂ ಸವೆಯುತ್ತವೆ.

ಹಾಗಾದರೆ ಪದರದ ಗುಣ ತಿಳಿಯುವುದು ಹೇಗೆ? ಲೋಹ ನಶಿಸುವಾಗ ಅದರ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಅಂದರೆ ಅದೊಂದು ವಿದ್ಯುತ್ ಕ್ರಿಯೆ, ಅಳೆಯಬಹುದು. ಪ್ರಯೋಗಾಲಯದಲ್ಲಿ ಲೋಹದ ತುಣುಕನ್ನು ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ಅಳೆಯುತ್ತಾರೆ. ಪುರಾತನ ವಸ್ತುವನ್ನು ಕತ್ತರಿಸುವಂತಿಲ್ಲ, ಮುಳುಗಿಸುವಂತಿಲ್ಲ. ಬಾಗಿದ ಮೈಮೇಲೆ ದ್ರಾವಣ ನಿಲ್ಲುವುದೂ ಇಲ್ಲ.

ಇಲ್ಲಿ ನೆರವಿಗೆ ಬಂದದ್ದು ಅಗರ್. ಕಡಲಪಾಚಿಯಿಂದ ಬರುವ ಈ ಪದಾರ್ಥವನ್ನು ಅಂಗಡಿಯಲ್ಲಿ ಚೈನಾ ಗ್ರಾಸ್ ಎನ್ನುತ್ತಾರೆ. ತುಸು ಲವಣ ಬೆರೆತ ನೀರಿನಲ್ಲಿ ಕುದಿಸಿ ಆರಿಸಿದರೆ ಜೆಲ್ ಆಗುತ್ತದೆ. ಅದು ಹರಿಯುವುದಿಲ್ಲ, ಆದರೆ ಅದರೊಳಗಿನ ಅಯಾನುಗಳು ಚಲಿಸುತ್ತವೆ. ಉಬ್ಬುತಗ್ಗಿನ ಮೈಗೆ ಅಂಟಿ ಕೂರುತ್ತದೆ. ಜೆಲ್‌ನಲ್ಲಿ ಎರಡು ಎಲೆಕ್ಟ್ರೋಡುಗಳು. ಮೂರನೆಯದು ಆ ವಸ್ತುವೇ. ಸುಮಾರು 10 ಮಿಲಿವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು ಬೇರೆ ಬೇರೆ ಆವರ್ತನಗಳಲ್ಲಿ ಹಾಯಿಸಿ, ಎದುರಾಗುವ ತಡೆಯನ್ನು ಅಳೆಯುತ್ತಾರೆ. ತಡೆ ಹೆಚ್ಚಿದ್ದರೆ ಪದರ ಕಾಯುತ್ತಿದೆ. ಕಡಿಮೆಯಿದ್ದರೆ ಎಚ್ಚರ ವಹಿಸಬೇಕು. ಸ್ಪೇನಿನ ಮ್ಯಾಡ್ರಿಡ್‌ನ ಸಂಶೋಧಕರು ಬಯಲಲ್ಲಿ ನಿಂತ ಲೋಹಶಿಲ್ಪಗಳನ್ನು ಹೀಗೆ ಪರೀಕ್ಷಿಸಿದ್ದಾರೆ.

ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನೇ ನೆನೆಯಿರಿ. 1549ರಲ್ಲಿ ಎರಕ ಹೊಯ್ದ ಕಂಚಿನ ತೋಪು. ಬುರುಜಿನ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿದೆ. ಇಂಥ ಭಾರಿ ವಸ್ತುವನ್ನು ಪ್ರಯೋಗಾಲಯಕ್ಕೆ ಒಯ್ಯಲಾಗದು. ಪ್ರಯೋಗಾಲಯವೇ ಅದರ ಬಳಿ ಹೋಗಬೇಕು. ರಕ್ಷಣೆಗೆ ಮೇಣ ಬಳಿಯುವ ಮೊದಲು, ಬಳಿದ ಮೇಲೆ, ಕೆಲವು ವರ್ಷ ಕಳೆದ ಮೇಲೆ ಒಂದೇ ಜಾಗವನ್ನು ಅಳೆದರೆ, ಲೇಪ ಎಷ್ಟು ದಿನ ಬಾಳಿತೆಂದು ಅಂಕಿಗಳೇ ಹೇಳುತ್ತವೆ.

ಇದು ಪರಿಣತರ ಕೆಲಸ. ನಿಮ್ಮ ಕೆಲಸ ಸುಲಭ. ಊರಲ್ಲಿ ಬರಹವಿರುವ ಹಳೆಯ ಗಂಟೆಯೋ ದೀಪವೋ ಕಂಡರೆ ಛಾಯಾಚಿತ್ರ ತೆಗೆಯಿರಿ, ದಿನಾಂಕ ಬರೆದಿಡಿ, ಪುರಾತತ್ವ ಇಲಾಖೆಗೆ ತಿಳಿಸಿ. ಅಲ್ಲಿಯವರೆಗೆ ಹುಣಸೆಹಣ್ಣು ಸಾರಿಗಿರಲಿ.