ನಮ್ಮ ರೈಲು ಉಳಿಯಬೇಕಾದರೆ
(ತಾಳಗುಪ್ಪ ಸುತ್ತಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇಂದು ಗೊಬ್ಬರ, ಬೀಜದ ಮಾತು ಬಿಟ್ಟು ರೈಲಿನ ಮಾತನ್ನು ಆಡುತ್ತೇನೆ. ಬೆಳೆದದ್ದು ಪೇಟೆ ಮುಟ್ಟಿದಾಗ ತಾನೇ ಬೇಸಾಯ ಪೂರ್ತಿಯಾಗುವುದು?

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ನಮ್ಮ ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಮೀಟರ್ ಗೇಜಿನ ಕೊನೆಯ ಕಾಲದಲ್ಲಿ ಈ ಹಳಿಯ ಮೇಲೆ ರೈಲುಬಸ್ಸು ಓಡುತ್ತಿದ್ದುದನ್ನು ಹಿರಿಯರು ಬಲ್ಲಿರಿ. ಹಳಿ ಬದಲಾಯಿಸಲು ಅದೂ ನಿಂತಿತು. 2011ರಲ್ಲಿ ಬ್ರಾಡ್ ಗೇಜ್ ಬಂದ ಮೇಲೆ ಮೈಸೂರು, ಬೆಂಗಳೂರಿಗೆ ನೇರ ರೈಲುಗಳು ದೊರೆತವು.

ಮೊನ್ನೆ ರೈತರೊಬ್ಬರು ಕೇಳಿದರು: "ಸಾಗರಕ್ಕೆ ಹೋಗಲಿಕ್ಕೆ ಟಿಕೀಟು ಯಾಕೆ ಮಾರಾಯ್ರೆ? ಕೂರುವುದರೊಳಗೆ ಊರೇ ಬಂತು."

ನಾನು ಕೇಳಿದೆ: "ಡೇರಿಗೆ ಹಾಲು ಹಾಕಿ, ಪುಸ್ತಕದಲ್ಲಿ ಬರೆಸದೆ ಬರುತ್ತೀರಾ?"

ರೈಲಿನದೂ ಹಾಗೆಯೇ. ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರೆಂದು ಇಲಾಖೆ ಟಿಕೀಟಿನ ಲೆಕ್ಕದಿಂದ ತಿಳಿಯುತ್ತದೆ. ಟಿಕೀಟಿಲ್ಲದೆ ಹೋದವನು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಲೆಕ್ಕ ಇಳಿದರೆ ನಿಲುಗಡೆಗೆ ಕುತ್ತು. 2020ರಲ್ಲಿ ಕೋವಿಡ್ ಕಾಲಕ್ಕೆ ರದ್ದಾದ ಎಷ್ಟೋ ಸಣ್ಣ ನಿಲುಗಡೆಗಳು ದೇಶದ ಅನೇಕ ಕಡೆ ಮರಳಿ ಬರಲಿಲ್ಲ. ನಿಲುಗಡೆ ತಪ್ಪಿದರೆ ಆಸ್ಪತ್ರೆಗೆ ಹೋಗುವ ಮುದುಕರಿಗೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಮೊದಲ ಪೆಟ್ಟು.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು:

ಒಂದು, ಎಷ್ಟೇ ಹತ್ತಿರವಿರಲಿ, ಹತ್ತುವ ನಿಲ್ದಾಣದಿಂದಲೇ ಟಿಕೀಟು ಪಡೆಯಿರಿ. ಮೊಬೈಲಿನಲ್ಲೂ ದೊರೆಯುತ್ತದೆ. ಸಿಕ್ಕಿಬಿದ್ದರೆ ಟಿಕೀಟಿನ ಹಣದ ಮೇಲೆ ಕನಿಷ್ಠ 250 ರೂಪಾಯಿ ದಂಡ.

ಎರಡು, ದಿನವೂ ಓಡಾಡುವವರು ಸೀಸನ್ ಟಿಕೀಟು ಮಾಡಿಸಿಕೊಳ್ಳಲಿ.

ಮೂರು, ಎರಡನೆಯ ದರ್ಜೆಯಲ್ಲಿ ತಲೆಗೆ 35 ಕಿಲೋ ಸಾಮಾನನ್ನು ಬಿಟ್ಟಿಯಾಗಿ ಒಯ್ಯಬಹುದು. ಹೆಚ್ಚಿದ್ದರೆ ಮೊದಲೇ ತೂಗಿಸಿ ಹಣ ಕಟ್ಟಿ. ಬಾಗಿಲಿಗೆ ಅಡ್ಡ ಮೂಟೆ ಇಡಬೇಡಿ.

ನಾಲ್ಕು, ರೈಲಿನ ವೇಳೆ ಅನುಕೂಲವಿಲ್ಲವೆಂದು ಕಟ್ಟೆಯ ಮೇಲೆ ಗೊಣಗಿದರೆ ಫಲವಿಲ್ಲ. ಗ್ರಾಮಸಭೆಯಲ್ಲಿ ಠರಾವು ಮಾಡಿ ಮೈಸೂರು ವಿಭಾಗದ ರೈಲ್ವೆ ಕಚೇರಿಗೆ ಕಳುಹಿಸೋಣ. ಟಿಕೀಟಿನ ಲೆಕ್ಕ ಬೆನ್ನಿಗಿದ್ದರೆ ಆ ಅರ್ಜಿಗೆ ತೂಕ ಬರುತ್ತದೆ.

ಇದೇ ದಾರಿಯ ಅರಸಾಳಿನಲ್ಲಿ ಹಳೆಯ ನಿಲ್ದಾಣದ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ನೋಡಲು ಚೆನ್ನಾಗಿದೆ. ಆದರೆ ನಮ್ಮ ನಿಲ್ದಾಣ ನೋಡುವ ವಸ್ತುವಾಗುವುದು ಬೇಡ, ಓಡಾಡುವ ದಾರಿಯಾಗಿಯೇ ಇರಲಿ. ಅದು ನಮ್ಮ ಕೈಯಲ್ಲಿದೆ.