ಪರ್ಸಿ ಕಲ್ಲಿನ ಮೇಲೆ ಗಾಲಿಯ ಹೆಜ್ಜೆ

ಆದಿತ್ಯನಗರ ಸಿಮೆಂಟ್ ಕಾರ್ಖಾನೆಯ ಊರು. ರಸ್ತೆ ಬದಿ ನಿಂತರೆ ಬಲ್ಕರ್‌ಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ಅವುಗಳ ಗಾಲಿ ಎಣಿಸುವ ಆಟ ಆಡಿದ್ದೀರಾ? ಒಂದಕ್ಕೆ 14, ಇನ್ನೊಂದಕ್ಕೆ 18, ಒಮ್ಮೊಮ್ಮೆ 22. ಎಣಿಸುವುದು ಸುಲಭ. ಆ ಗಾಲಿಗಳಲ್ಲಿ ನೆಲಕ್ಕೆ ತಾಗುವ ಜಾಗ ಎಷ್ಟು ಅಂತ ಕೇಳಿ ನೋಡಿ, ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ.

ಬಲ್ಕರ್ ತಂಟೆ ನಮಗೆ ಬೇಡ, ನಿಮ್ಮ ಸೈಕಲ್ ಸಾಕು. ನಮ್ಮ ಕಡೆ ಬಹಳ ಮನೆಗಳ ಅಂಗಳಕ್ಕೆ ಶಹಾಬಾದಿನ ಪರ್ಸಿ ಕಲ್ಲು ಹಾಸಿರುತ್ತಾರಲ್ಲ, ಒಣಗಿದ ಒಂದು ಕಲ್ಲು ಹುಡುಕಿ. ಸೈಕಲ್ಲಿನ ಹಿಂದಿನ ಗಾಲಿಯನ್ನು ನೀರಲ್ಲಿ ಒದ್ದೆ ಮಾಡಿ, ಎತ್ತಿ ತಂದು ಆ ಕಲ್ಲಿನ ಮೇಲೆ ನೆಟ್ಟಗೆ ಇಳಿಸಿ, ಮತ್ತೆ ಎತ್ತಿ. ಕಲ್ಲಿನ ಮೇಲೆ ಒಂದು ಒದ್ದೆ ಗುರುತು ಉಳಿದಿರುತ್ತದೆ. ಅದೇ ಗಾಲಿಯ ಹೆಜ್ಜೆ. ಆರುವ ಮೊದಲೇ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಈಗ ಪಕ್ಕದಲ್ಲೇ ಇನ್ನೊಮ್ಮೆ ಒದ್ದೆ ಗಾಲಿ ಇಳಿಸಿ, ಗೆಳೆಯನನ್ನು ಸೀಟಿನ ಮೇಲೆ ಕೂರಿಸಿ ಇಳಿಸಿ, ಸೈಕಲ್ ಎತ್ತಿ ನೋಡಿ. ಹೆಜ್ಜೆ ಉದ್ದವಾಗಿದೆ, ಅಲ್ಲವೇ?

ಗೆಳೆಯನ ಭಾರ ಹೊತ್ತದ್ದು ಮುಖ್ಯವಾಗಿ ಒಳಗಿನ ಹವಾ. ರಬ್ಬರಿನ ಬಿಗುವೂ ಚೂರು ಹೊರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಕಾರಿನ ಗಾಲಿಗೆ 32 ಪಿಎಸ್‌ಐ ಹವಾ ಹಾಕಿಸಿದರು ಅಂದರೆ, ಆ ಹವಾ ಒಂದೊಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸುಮಾರು ಎರಡೂಕಾಲು ಕಿಲೋ ಭಾರ ಹೊರಬಲ್ಲದು. ಜನ ಕೂತ ಕಾರು 1,200 ಕಿಲೋ ತೂಗಿದರೆ ಒಂದು ಗಾಲಿಯ ಪಾಲಿಗೆ 300 ಕಿಲೋ. ಭಾಗಿಸಿ ನೋಡಿ: ಸುಮಾರು 133 ಚದರ ಸೆಂಟಿಮೀಟರ್. ಅಪ್ಪನ ಅಂಗೈ, ಬೆರಳೂ ಸೇರಿ, ಹೆಚ್ಚುಕಡಿಮೆ ಅಷ್ಟೇ ಅಗಲ. ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ಜಾರದೆ ನಿಲ್ಲುವುದು, ಎಲ್ಲ ಇಂಥ ನಾಲ್ಕು ಅಂಗೈಗಳ ಮೇಲೆಯೇ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲುವ ರೈಲಿನ ಉಕ್ಕಿನ ಗಾಲಿಯ ಹೆಜ್ಜೆಯಂತೂ ಹೆಬ್ಬೆರಳ ಉಗುರಿನಷ್ಟು. ಉಕ್ಕು ಬಗ್ಗುವುದಿಲ್ಲ, ಹಳಿಯನ್ನು ಬಿಗಿಯಾಗಿ ಹಿಡಿಯುವುದೂ ಇಲ್ಲ. ಅದಕ್ಕೇ ರೈಲು ನಿಲ್ಲಬೇಕಾದರೆ ಬಹಳ ದೂರ ಮೊದಲೇ ಬ್ರೇಕ್ ಹಾಕಬೇಕು.

ಹವಾ ಕಡಿಮೆಯಾದರೆ ಹೆಜ್ಜೆ ದೊಡ್ಡದಾಗುತ್ತದೆ. ಒಳ್ಳೆಯದೇ ಆಯಿತಲ್ಲ ಅನಿಸುತ್ತದೆ. ಇಲ್ಲ.

ಒಂದು ಅಗಲವಾದ ರಬ್ಬರ್ ಬ್ಯಾಂಡ್ ತಗೊಳ್ಳಿ. ಪಟ್ಟನೆ ಎಳೆದು, ಎಳೆದಂತೆಯೇ ಮೇಲ್ತುಟಿಗೆ ಮುಟ್ಟಿಸಿ. ಬೆಚ್ಚಗಿದೆ! ಮೆಲ್ಲಗೆ ಸಡಿಲ ಬಿಟ್ಟರೆ ತಣ್ಣಗಾಗುತ್ತದೆ. ಆದರೆ ಎಳೆಯಲು ನೀವು ಹಾಕಿದ ಶಕ್ತಿ ಪೂರ್ತಿ ವಾಪಸು ಬರುವುದಿಲ್ಲ, ಚೂರು ರಬ್ಬರಿನಲ್ಲೇ ಬಿಸಿಯಾಗಿ ಉಳಿಯುತ್ತದೆ. ಟೈರಿನಲ್ಲಿ ಆಗುವುದೂ ಇದೇ. ಗಾಲಿ ಸುತ್ತುವಾಗ ಅದರ ಪ್ರತಿ ಜಾಗವೂ ನೆಲಕ್ಕೆ ಬಂದಾಗ ಚಪ್ಪಟೆ, ಮೇಲೆ ಹೋದಾಗ ದುಂಡಗೆ. ಕಾರು 50 ಕಿಲೋಮೀಟರ್ ಓಡುವಷ್ಟರಲ್ಲಿ ಸುಮಾರು 25,000 ಸಲ ಹೀಗೆ ಬಗ್ಗಿ ಎದ್ದಿರುತ್ತದೆ. ಹವಾ ಕಡಿಮೆ ಇದ್ದರೆ ಬಗ್ಗುವುದು ಜಾಸ್ತಿ, ಬಿಸಿಯೂ ಜಾಸ್ತಿ. ಒಳಗಿನ ಪದರಗಳು ಒಂದನ್ನೊಂದು ಬಿಡುತ್ತ ಬಂದು ಒಂದು ಗಳಿಗೆಯಲ್ಲಿ ಢಮ್ ಅನ್ನುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಮಾತು ಕೇಳುತ್ತೀರಿ: ‘ಬಿಸಲಿಗಿ ಹವಾ ಉಬ್ಬತದ, ಸ್ವಲ್ಪ ಬಿಟ್ಟಬಿಡ್ರಿ.’ ಅರ್ಧ ನಿಜ. ಬಿಸಿಯಾದ ಹವಾದ ಕಣಗಳು ಜೋರಾಗಿ ಓಡಾಡಿ ಗೋಡೆಗೆ ಗುದ್ದುತ್ತವೆ. 27 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದದ್ದು ಟೈರಿನ ಒಳಗೆ 62 ಡಿಗ್ರಿ ಆದಾಗ 37 ದಾಟುತ್ತದೆ. ಟೈರ್ ಮಾಡಿದವರು ಈ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿಯೇ ತಣ್ಣಗಿನ ಅಳತೆ ಹೇಳಿರುತ್ತಾರೆ. ಬಿಸಿಯಿದ್ದಾಗ ಹವಾ ಬಿಟ್ಟರೆ ಆಮೇಲೆ ಕಡಿಮೆ ಬೀಳುತ್ತದೆ, ಟೈರ್ ಇನ್ನಷ್ಟು ಬಗ್ಗುತ್ತದೆ, ಇನ್ನಷ್ಟು ಕಾಯುತ್ತದೆ. ಕಲಬುರಗಿ ಜಿಲ್ಲೆಯ 42-43 ಡಿಗ್ರಿ ಬಿಸಿಲಿನಲ್ಲಿ ಹವಾ ಬಿಡುವ ಸಲಹೆಯಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಅಳೆಯಬೇಕು. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಇರುತ್ತದೆ. ಅಲ್ಲಿ ಎರಡು ಅಂಕಿ ಇದ್ದರೆ ದೊಡ್ಡದು ತುಂಬಿದ ಗಾಡಿಗೆ.

ಹವಾ ಹೋಗುವುದು ಎಲ್ಲಿಂದ? ಹೊಲದ ದಾರಿಯ ಜಾಲಿಮುಳ್ಳು ನಿಮಗೆ ಗೊತ್ತೇ ಇದೆ. ಪಂಕ್ಚರ್ ಅಂಗಡಿಯ ಕಾಕಾನ ಕೈ ಗಮನಿಸಿ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಇಂಚಿಂಚೇ ಸರಿಸುತ್ತಾನೆ, ಗುಳ್ಳೆ ಎದ್ದ ಕಡೆ ತೂತು. ಅಷ್ಟಕ್ಕೇ ಬಿಡುವುದಿಲ್ಲ. ಟೈರಿನ ಒಳಗೆ ಬೆರಳ ತುದಿ ಹಗುರಾಗಿ ಆಡಿಸುತ್ತಾನೆ, ಕುರುಡರು ಅಕ್ಷರ ಓದಿದ ಹಾಗೆ. ‘ಮುಳ್ಳ ತಗೀಲಿಲ್ಲಂದ್ರ ನಾಳಿ ಮತ್ತ ಇಲ್ಲೇ ಬರ್ತಿ ನೋಡು ತಮ್ಮಾ.’ ಕೊನೆಗೆ ವಾಲ್ವಿನ ಬಾಯಿಗೆ ಒಂಚೂರು ಎಂಜಲು ಹಚ್ಚಿ ಕಾಯುತ್ತಾನೆ. ಅಲ್ಲೂ ಗುಳ್ಳೆ ಬಂದರೆ ವಾಲ್ವೇ ಕಳ್ಳ. ಎಂಜಲಿಗೆ ಬದಲು ಸೋಪಿನ ನೀರು ಹಚ್ಚಿದರೂ ಆಗುತ್ತದೆ, ಅಮ್ಮನಿಗೂ ಸಮಾಧಾನ.

ಇನ್ನು ಟೈರಿನ ಮೈಮೇಲಿನ ಗೆರೆಗಳು. ನೆಲವನ್ನು ಗಟ್ಟಿಯಾಗಿ ಹಿಡಿಯಲು ಇವೆ ಅಂತ ನಾನೂ ಚಿಕ್ಕಂದಿನಲ್ಲಿ ನಂಬಿದ್ದೆ. ಒಣ ಡಾಂಬರಿನ ಮೇಲೆ ನುಣ್ಣನೆ ಟೈರೇ ಚೆನ್ನಾಗಿ ಹಿಡಿಯುತ್ತದೆ, ರೇಸ್ ಕಾರುಗಳಿಗೆ ಒಣ ದಿನ ಹಾಕುವುದೂ ಅಂಥದ್ದನ್ನೇ. ಗೆರೆ ಇರುವುದು ಮಳೆಗಾಗಿ. ಸವೆದ ಹವಾಯಿ ಚಪ್ಪಲಿ ಒಣ ಪರ್ಸಿಯ ಮೇಲೆ ಸುಮ್ಮನಿದ್ದು ಬಚ್ಚಲ ಪರ್ಸಿಯ ಮೇಲೆ ಜಾರುತ್ತದಲ್ಲ, ಅದೇ ಕಥೆ. ಕಾಲಿಗೂ ಕಲ್ಲಿಗೂ ನಡುವೆ ನೀರು ಸಿಕ್ಕಿಬಿದ್ದಿರುತ್ತದೆ. ಗೆರೆಗಳು ಆ ನೀರಿಗೆ ಹರಿದುಹೋಗಲು ಕಾಲುವೆ. ಸಿಮೆಂಟ್ ಧೂಳು ಕೂತ ರಸ್ತೆಗೆ ಮೊದಲ ಮಳೆ ಬಿದ್ದ ದಿನವಂತೂ ನೀರಿನ ಜೊತೆ ಕೆಸರು ಬೇರೆ.

ಕಾರಿನ ಟೈರಿನ ಕಾಲುವೆಯೊಳಗೆ ಇಣುಕಿದರೆ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆಗಳು ಕಾಣುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಮೇಲಿನ ರಬ್ಬರ್ ಸವೆದು ಆ ಗಟ್ಟೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಷ್ಯ ಮುಗಿಯಿತು. ಸವೆತದಲ್ಲೂ ಸುದ್ದಿ ಇದೆ: ನಡುವೆ ಸವೆದಿದ್ದರೆ ಹವಾ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಕಡಿಮೆ, ಒಂದೇ ಅಂಚು ಸವೆದಿದ್ದರೆ ಗಾಲಿ ಓರೆ. ಪಕ್ಕದ ಗೋಡೆಯ ಮೇಲೆ ಒಂದು ಗುಟ್ಟಿನ ಅಂಕಿಯೂ ಇದೆ. ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ, 2319 ಅಂದುಕೊಳ್ಳಿ. 2019ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟೈರ್ ಅದು. ನಿಮ್ಮ ಮನೆಯ ಗಾಡಿಯ ಟೈರ್ ನಿಮಗಿಂತ ದೊಡ್ಡದೋ ಚಿಕ್ಕದೋ ನೋಡಿ. ದೊಡ್ಡದಾಗಿದ್ದರೆ ಇವತ್ತೇ ಅಪ್ಪನಿಗೆ ಹೇಳಿ.

ಹಾಗೇ ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನೂ ಒಮ್ಮೆ ಮಾತಾಡಿಸಿ. ಈ ಹೆಸರು ಬಂದದ್ದು ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಬಿಡಿಗಾಲಿ ಮಾಡಿ ಮಾರಲು ಶುರು ಮಾಡಿದರು. ಅವರ ದೇಶದಲ್ಲಿ ಈ ಮಾತು ಹೆಚ್ಚುಕಡಿಮೆ ಮರೆತೇ ಹೋಗಿದೆ, ಚಿಂಚೋಳಿಯ ಗ್ಯಾರೇಜಿನಲ್ಲಿ ಕೇಳಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಸಾಲದು, ಗೇಜ್ ಹಚ್ಚಿ ನೋಡಿ. ಹವಾ ಹಾಕಿಸಲು ಹೋದಾಗ ಸ್ಟೆಪ್ನಿಯನ್ನು ಇಳಿಸಿ ತೋರಿಸುವವರು ಬಹಳ ಕಡಿಮೆ.