ಕೊಕ್ಕರೆಯ ಕೆಳಗಿನ ಕೆರೆ



ಸಿರಾ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಜೊತೆಗೆ ಬೂದು ಬಕಗಳೂ ಇರುತ್ತವೆ. ಊರವರು ಅವನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ನೋಡಲು ಹೋದ ನಾವು ಕತ್ತೆತ್ತಿ ಮರವನ್ನೇ ನೋಡುತ್ತೇವೆ. ಆ ಮರಿಗಳಿಗೆ ಊಟ ಬರುವುದು ಮಾತ್ರ ಸುತ್ತಲಿನ ಕೆರೆಗಳಿಂದ.

ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಆಳದ ನೀರಿನಲ್ಲಿ ಈ ಬೇಟೆ ಸಾಗದು. ಬೇಸಿಗೆಗೆ ಕೆರೆ ಇಳಿದು, ತೆಳು ನೀರಿನಲ್ಲಿ ಮೀನು ಒತ್ತೊತ್ತಾಗಿ ಸೇರಿದಾಗಲೇ ಅದಕ್ಕೆ ಸುಗ್ಗಿ. ಹಾಗಾಗಿ ಹೂಳೆತ್ತುವವರಲ್ಲಿ ನನ್ನ ಬೇಡಿಕೆ ಒಂದೇ: ಇಡೀ ಕೆರೆಯನ್ನು ಬಾವಿಯಂತೆ ತೋಡಬೇಡಿ, ಒಂದು ಬದಿಯನ್ನಾದರೂ ಇಳಿಜಾರಾಗಿ ಉಳಿಸಿ.

ಮೀನಿಗೆ ನೀರಿನ ಸಣ್ಣ ಹುಳು ಆಹಾರ, ಹುಳುವಿಗೆ ಪಾಚಿ, ಪಾಚಿಗೆ ಬಿಸಿಲು. 1942ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ರೇಮಂಡ್ ಲಿಂಡ್‌ಮನ್ ಎಂಬ ಅಮೆರಿಕದ ತರುಣ ವಿಜ್ಞಾನಿ, ಮಿನೆಸೋಟದ ಪುಟ್ಟ ಸರೋವರವೊಂದನ್ನು ಅಭ್ಯಸಿಸಿ, ಈ ಸರಪಳಿಯಲ್ಲಿ ಶಕ್ತಿ ಹೇಗೆ ದಾಟುತ್ತದೆ ಎಂಬ ಲೆಕ್ಕಕ್ಕೆ ಬುನಾದಿ ಹಾಕಿದರು. ಲೇಖನ ಅಚ್ಚಾಗುವ ಮೊದಲೇ, 26ನೇ ವಯಸ್ಸಿಗೆ, ತೀರಿಕೊಂಡರು. ತಿಂದದ್ದರ ಶಕ್ತಿಯಲ್ಲಿ ಬಹುಪಾಲು ಉಸಿರಾಟಕ್ಕೆ, ಓಡಾಟಕ್ಕೆ, ಮೈಬಿಸಿಗೆ ಖರ್ಚಾಗುತ್ತದೆ. ಸುಮಾರು ಹತ್ತರಲ್ಲೊಂದು ಪಾಲಷ್ಟೇ ಮುಂದಿನ ಜೀವಿಗೆ ದಾಟುತ್ತದೆ. ಅಂದರೆ ಪಾಚಿಯ ಸಾವಿರ ಪಾಲು ಹುಳುವಿಗೆ ಬರುವಾಗ ನೂರು, ಮೀನಿಗೆ ಹತ್ತು, ಕೊಕ್ಕರೆಗೆ ಒಂದು. ಕೆರೆಗೆ ಕೊಳಚೆ ಬಿಟ್ಟರೆ ಮೊದಲು ಬರಿದಾಗುವುದು ಮೇಲಿರುವ ಆ ಒಂದು ಪಾಲೇ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲೂ ಇದೇ ಲೆಕ್ಕ. ಅಲ್ಲಿನ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಕೊರಟಗೆರೆಯ ಕಡೆಯಿಂದ ಹರಿದು ಬರುವ ಹೊಳೆಯ ಹೆಸರೇ ಅದಕ್ಕೆ. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು: ಮೇಯಲು ಹುಲ್ಲು, ದೂರದಿಂದಲೇ ಅಪಾಯ ಕಂಡು ಓಡಲು ಜಾಗ. ಇಂಥ ನೆಲವನ್ನು ಬೀಳು ಎಂದು ಕರೆದು ನೀಲಗಿರಿ ನೆಡುವುದು ಉಪಕಾರವಲ್ಲ. ಹುಲ್ಲಿನ ಬಾಯಿಂದ ಬಿಸಿಲನ್ನು ಕಿತ್ತುಕೊಂಡಂತೆ ಅದು.

ಶಕ್ತಿ ಹೋದರೆ ಹೋಯಿತು, ಹಿಂದಿರುಗದು. ಸಾರ ಮಾತ್ರ ಸುತ್ತುತ್ತದೆ. ಪಾವಗಡದ ಕಡಲೆಕಾಯಿ ಗಿಡ ಕಿತ್ತು ಬೇರು ನೋಡಿ, ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಕೊಯ್ಲಾದ ಹೊಲದಲ್ಲಿ ಕುರಿಮಂದೆ ತರುಬಿದರೆ, ಬೀಳಿನಲ್ಲಿ ಮೇಯ್ದ ಹುಲ್ಲು ಹಿಕ್ಕೆಯಾಗಿ ಹೊಲಕ್ಕೆ ಬರುತ್ತದೆ. ಕುರಿಗಾರರ ಈ ಜಾಣ್ಮೆಗೆ ನಮ್ಮ ಪಠ್ಯಗಳಲ್ಲಿ ಇನ್ನೂ ಹೆಚ್ಚು ಜಾಗ ಸಿಗಬೇಕು.

ಅದೇ ಪಾವಗಡದಲ್ಲಿ ಈಗ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ವಿದ್ಯುತ್ ಬೇಕು, ಮಳೆ ಕಾಣದ ರೈತನಿಗೆ ಗುತ್ತಿಗೆ ಹಣವೂ ಬೇಕು. ಆದರೆ ಫಲಕದ ಮೇಲೆ ಬಿದ್ದ ಬಿಸಿಲು ಎಲೆಗೆ ದಕ್ಕುವುದಿಲ್ಲ. ಸಾಲುಗಳ ನಡುವೆ ತಾನಾಗಿ ಬೆಳೆಯುವ ಹುಲ್ಲನ್ನು ಔಷಧಿ ಹೊಡೆದು ಒಣಗಿಸದೆ, ಅಲ್ಲಿಗೆ ಕುರಿಗಳನ್ನು ಬಿಡುವ ಏರ್ಪಾಡು ಆಗಬೇಕು.